ಹೂಪಾತಿಯ ಹಿಂದಿನ ಸಾಲು: ಎತ್ತರಕ್ಕಿಂತ ಮೊದಲು ನಿಲುವು

ಗೋಡೆ, ಬೇಲಿ ಅಥವಾ ಕಾಲುದಾರಿಯ ಪಕ್ಕದಲ್ಲಿ ಉದ್ದಕ್ಕೆ ಮಾಡಿಕೊಂಡು, ಮುಖ್ಯವಾಗಿ ಒಂದೇ ಬದಿಯಿಂದ ನೋಡುವ ಹೂಪಾತಿಗೆ ತೋಟಗಾರಿಕೆಯಲ್ಲಿ ಬಾರ್ಡರ್ ಎಂಬ ಹೆಸರು ರೂಢಿಯಲ್ಲಿದೆ. ಗಿಡ್ಡ ಗಿಡಗಳು ಮುಂದೆ, ನಡುಗಾತ್ರದವು ಮಧ್ಯದಲ್ಲಿ, ಎತ್ತರದವು ಹಿಂದೆ ಎಂಬುದು ಅದನ್ನು ಜೋಡಿಸುವ ಮೊದಲ ಪಾಠ. ಗುಂಪು ಛಾಯಾಚಿತ್ರಕ್ಕೆ ಜನರನ್ನು ನಿಲ್ಲಿಸುವ ಕ್ರಮವೂ ಇದೇ ಆದ್ದರಿಂದ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಛಾಯಾಚಿತ್ರದಲ್ಲಿ ಹಿಂದೆ ನಿಂತವರು ಒಂದು ಕ್ಷಣ ಅಲುಗಾಡದಿದ್ದರೆ ಸಾಕು. ಹೂಪಾತಿಯ ಹಿಂದಿನ ಸಾಲಿನ ಗಿಡವು ತಿಂಗಳುಗಟ್ಟಲೆ ಗಾಳಿ, ಮಳೆ, ಬಿಸಿಲುಗಳನ್ನು ತಾಳಿಕೊಂಡು, ಹೂವಿಲ್ಲದ ದಿನಗಳಲ್ಲಿಯೂ ಕಣ್ಣಿಗೆ ಹಿತವಾಗುವಂತೆ ನಿಂತಿರಬೇಕು. ಬೀಜದ ಪೊಟ್ಟಣದ ಮೇಲೆ ಅಚ್ಚಾಗಿರುವ ಎತ್ತರದ ಅಂಕಿಯೊಂದನ್ನೇ ನೋಡಿ ಗಿಡ ಆರಿಸಿದಾಗ, ಮೊದಲ ಬಿರುಮಳೆಗೇ ಹಿಂದಿನ ಸಾಲು ಮುಂದಿನ ಸಾಲಿನ ಮೇಲೆ ಮಗುಚಿಕೊಳ್ಳುವುದು ಅಪರೂಪವೇನಲ್ಲ.

ಆ ಅಂಕಿ ಸುಳ್ಳಲ್ಲ, ಅರ್ಧ ಮಾತು ಮಾತ್ರ. ಐದು ಅಡಿ ಎಂದು ಬರೆದಿದ್ದರೆ ಆ ಐದು ಅಡಿಯಲ್ಲಿ ಎಲೆ ಎಷ್ಟು, ಹೂವಿನ ದಂಟು ಎಷ್ಟು, ಗಿಡ ಆ ಎತ್ತರವನ್ನು ಯಾವ ತಿಂಗಳಲ್ಲಿ ಮುಟ್ಟುತ್ತದೆ, ಮುಟ್ಟಿದ ಮೇಲೆ ತಾನಾಗಿ ನಿಲ್ಲುತ್ತದೆಯೋ ಆಸರೆ ಬೇಡುತ್ತದೆಯೋ, ಹೂ ಮುಗಿದ ಮೇಲೆ ಆ ಜಾಗದಲ್ಲಿ ಏನು ಉಳಿಯುತ್ತದೆ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಹಿಂದಿನ ಸಾಲಿನ ಆಯ್ಕೆ ನಿಜವಾಗಿ ಈ ಪ್ರಶ್ನೆಗಳ ಮೇಲೆ ನಿಂತಿದೆ. ಇವೆಲ್ಲವನ್ನೂ ಸೇರಿಸಿ ಗಿಡದ ನಿಲುವು ಎಂದು ಕರೆದರೆ, ಎತ್ತರವು ಆ ನಿಲುವಿನ ಒಂದು ಭಾಗವಷ್ಟೇ ಆಗುತ್ತದೆ.

ಮೊದಲು ಎಲೆಯ ಎತ್ತರವನ್ನೂ ಹೂವಿನ ಎತ್ತರವನ್ನೂ ಬೇರೆಬೇರೆಯಾಗಿ ನೋಡುವುದನ್ನು ರೂಢಿಸಿಕೊಳ್ಳಬೇಕು. ಫಾಕ್ಸ್‌ಗ್ಲೋವ್ ನಾಲ್ಕೈದು ಅಡಿ ಎತ್ತರದ ಗಿಡವೆಂದು ಹೇಳುತ್ತಾರೆ. ಆದರೆ ಅದರ ಎಲೆಗಳ ಗುಂಪು ನೆಲದಿಂದ ಒಂದು ಅಡಿಯ ಆಸುಪಾಸಿನಲ್ಲಿಯೇ ಇರುತ್ತದೆ, ಉಳಿದದ್ದೆಲ್ಲ ಕೆಲವು ವಾರ ಮಾತ್ರ ಇರುವ ಹೂಗೊನೆ. ಹಾಲಿಹಾಕ್ ಆರರಿಂದ ಎಂಟು ಅಡಿಯವರೆಗೆ ಏರಿದರೂ ಅದರ ಅಗಲವಾದ ಎಲೆಗಳು ಬುಡದಲ್ಲಿ ದಟ್ಟವಾಗಿದ್ದು ಮೇಲೆ ಹೋದಂತೆ ಚಿಕ್ಕದಾಗುತ್ತ ಹೋಗುತ್ತವೆ. ಇದಕ್ಕೆ ವ್ಯತಿರಿಕ್ತವಾದುದು ಕಾಬಾಳೆ ಎಂದೂ ಕರೆಯುವ ಕ್ಯಾನಾ: ಅದು ಬಾಳೆಯಂಥ ಎಲೆಗಳನ್ನು ಬುಡದಿಂದ ತುದಿಯವರೆಗೂ ಹೊತ್ತುಕೊಂಡು ಬೆಳೆಯುವುದರಿಂದ, ಹೂ ಇಲ್ಲದಿದ್ದಾಗಲೂ ಐದಾರು ಅಡಿಯ ಹಸಿರು ಪರದೆಯಾಗಿ ನಿಲ್ಲುತ್ತದೆ. ಸುಗಂಧಿ ಹೂವಿನ ಗಿಡದ ನಡತೆಯೂ ಹೀಗೆಯೇ. ಮೊದಲನೆಯ ಬಗೆಯ ಗಿಡಗಳಿಂದ ಪಾತಿಗೆ ಕೆಲಕಾಲದ ಸೊಗಸು ದೊರೆಯುತ್ತದೆ, ಎರಡನೆಯ ಬಗೆಯವುಗಳಿಂದ ಹಿನ್ನೆಲೆ ದೊರೆಯುತ್ತದೆ. ಹಿಂದಿನ ಸಾಲನ್ನು ಮೊದಲನೆಯ ಬಗೆಯಿಂದಲೇ ತುಂಬಿಸಿದರೆ ವರ್ಷದ ಬಹುಭಾಗ ಅಲ್ಲಿ ಗೋಡೆಯೇ ಕಾಣುತ್ತಿರುತ್ತದೆ. ಆದ್ದರಿಂದ ಹಿನ್ನೆಲೆಯ ಗಿಡಗಳನ್ನು ಮೊದಲು ನಿರ್ಧರಿಸಿ, ಹೂಗೊನೆಯ ಗಿಡಗಳನ್ನು ಅವುಗಳ ನಡುವೆ ಅಲ್ಲಲ್ಲಿ ಸೇರಿಸುವುದು ವಿವೇಕದ ಕ್ರಮ.

ಎಷ್ಟು ಎತ್ತರ ಸಾಕು ಎಂಬುದಕ್ಕೆ ಪಾತಿಯ ಅಗಲವೇ ಅಳತೆ. ಅತ್ಯಂತ ಎತ್ತರದ ಗಿಡವು ಪಾತಿಯ ಅಗಲದ ಮೂರನೇ ಎರಡರಷ್ಟನ್ನು ಬಹಳ ಮೀರದಿದ್ದರೆ ಜೋಡಣೆ ಹದವಾಗಿ ಕಾಣುತ್ತದೆ ಎಂಬುದೊಂದು ಸ್ಥೂಲ ಲೆಕ್ಕ. ಆರು ಅಡಿ ಅಗಲದ ಪಾತಿಗೆ ನಾಲ್ಕು ಅಡಿಯ ಗಿಡ, ಒಂಬತ್ತು ಅಡಿಯ ಪಾತಿಗೆ ಆರು ಅಡಿಯ ಗಿಡ ಹೊಂದುತ್ತದೆ. ಮೂರು ಅಡಿಯ ಇಕ್ಕಟ್ಟಾದ ಪಾತಿಯಲ್ಲಿ ಎಂಟು ಅಡಿಯ ಹಾಲಿಹಾಕ್ ನೆಟ್ಟರೆ ಅದು ಪಾತಿಯ ಭಾಗವಾಗದೆ ಗೋಡೆಗೆ ಒರಗಿಸಿಟ್ಟ ವಸ್ತುವಿನಂತೆ ತೋರುತ್ತದೆ. ಅಂಥ ಕಡೆ ಗೋಡೆಗೇ ಒಂದು ಹೂಬಳ್ಳಿಯನ್ನು ಹಬ್ಬಿಸಿ, ಪಾತಿಯಲ್ಲಿ ಎರಡೇ ಸಾಲು ಇಟ್ಟುಕೊಳ್ಳುವುದು ಮೇಲು. ಹಿಂದೆ ಎತ್ತರದ ಗೋಡೆಯೋ ದಟ್ಟವಾದ ಬೇಲಿಗಿಡವೋ ಇದ್ದಾಗ ಈ ಲೆಕ್ಕವನ್ನು ಸ್ವಲ್ಪ ಸಡಿಲಿಸಬಹುದು. ಹಿನ್ನೆಲೆಯೇ ಎತ್ತರವಾಗಿರುವುದರಿಂದ ಅದರ ಮುಂದೆ ನಿಂತ ಗಿಡದ ಎತ್ತರ ಒಂಟಿಯಾಗಿ ಎದ್ದು ಕಾಣುವುದಿಲ್ಲ.

ಈ ಅನುಪಾತಗಳ ವಿಚಾರ ಬಂದಾಗ ಇಂಗ್ಲೆಂಡಿನ ಉದ್ಯಾನ ವಿನ್ಯಾಸಗಾರ್ತಿ ಗರ್ಟ್ರೂಡ್ ಜೀಕಲ್ (1843–1932) ಅವರ ಹೆಸರನ್ನು ಬಿಡುವಂತಿಲ್ಲ. ಸರ್ರೆ ಪ್ರಾಂತದ ಮನ್‌ಸ್ಟೆಡ್ ವುಡ್ ಎಂಬ ತಮ್ಮ ಮನೆಯ ತೋಟದಲ್ಲಿ ಅವರು ಮಾಡಿದ ಮುಖ್ಯ ಬಾರ್ಡರ್ ಸುಮಾರು 200 ಅಡಿ ಉದ್ದ, 14 ಅಡಿ ಅಗಲವಿತ್ತು. ಹಿಂದೆ 11 ಅಡಿ ಎತ್ತರದ ಗೋಡೆ. ಪಾತಿಯ ಎರಡೂ ತುದಿಗಳಲ್ಲಿ ನೀಲಿ, ಬೂದು, ಬಿಳಿಗಳಂಥ ತಂಪು ಬಣ್ಣಗಳನ್ನಿರಿಸಿ ನಡುವಿನ ಕಡೆಗೆ ಹಳದಿ, ಕಿತ್ತಳೆ, ಕೆಂಪುಗಳಿಗೆ ಏರುವ ಅವರ ಬಣ್ಣದ ಯೋಜನೆ ಪ್ರಸಿದ್ಧವಾಯಿತು. ಆದರೆ ಅಷ್ಟಾಗಿ ಯಾರೂ ಮಾತನಾಡದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. ಗೋಡೆಗೂ ಪಾತಿಗೂ ನಡುವೆ, ಮುಂದಿನಿಂದ ನೋಡಿದರೆ ಕಾಣದಂತೆ, ಅವರು ಒಂದು ಕಿರಿದಾದ ಓಣಿಯನ್ನು ಬಿಟ್ಟಿದ್ದರು. ಹಿಂದಿನ ಸಾಲಿಗೆ ಕೋಲು ಕಟ್ಟಲು, ಬಾಡಿದ ಹೂ ಕತ್ತರಿಸಲು, ಕಳೆ ಕೀಳಲು ಮುಂದಿನ ಗಿಡಗಳನ್ನು ತುಳಿಯದೆ ಹೋಗುವ ದಾರಿ ಅದು. ಎತ್ತರದ ಗಿಡಗಳಿಗೆ ಆರೈಕೆ ಹೆಚ್ಚು, ಅವು ಇರುವ ಜಾಗವೋ ಕೈಗೆಟುಕದಷ್ಟು ದೂರ. ಈ ತೊಡಕನ್ನು ಗಿಡ ನೆಡುವ ಮೊದಲೇ ಬಿಡಿಸಿಕೊಳ್ಳಬೇಕು. ಒಂದೂವರೆ ಅಡಿಯ ಓಣಿ ಸಾಕು. ಅದರಿಂದ ಗಿಡಗಳು ಗೋಡೆಯಿಂದ ದೂರ ಸರಿಯುತ್ತವೆ ಎಂಬುದು ಇನ್ನೊಂದು ಲಾಭ, ಮತ್ತು ನನ್ನ ಅಭಿಪ್ರಾಯದಲ್ಲಿ ಅದೇ ದೊಡ್ಡ ಲಾಭ.

ಏಕೆಂದರೆ ಗೋಡೆಯ ಬುಡದ ನೆಲ ಉಳಿದ ನೆಲದಂತಲ್ಲ. ಮಳೆ ನೇರವಾಗಿ ಸುರಿಯುವುದು ಕಡಿಮೆ. ಗಾಳಿಯೊಡನೆ ಓರೆಯಾಗಿ ಬೀಳುವ ಮಳೆಯನ್ನು ಗೋಡೆ ತಡೆಯುವುದರಿಂದ, ಅದರ ಮರೆಯ ಬದಿಯಲ್ಲಿ ಒಂದೆರಡು ಅಡಿಯಷ್ಟು ಮಣ್ಣು ಸುತ್ತಲೂ ಮಳೆ ಬಂದ ದಿನವೂ ಒಣಗಿಯೇ ಇರಬಹುದು. ಗೋಡೆಯ ಅಡಿಪಾಯ ಮತ್ತು ಕಟ್ಟಡದ ಅವಶೇಷಗಳಿಂದ ಅಲ್ಲಿನ ಮಣ್ಣು ಹಲವೆಡೆ ತೆಳುವಾಗಿಯೂ ಇರುತ್ತದೆ. ಗೋಡೆಯ ಬದಲು ಬೇಲಿಗಿಡವಿದ್ದರೆ ಅದರ ಬೇರುಗಳು ನೀರು, ಗೊಬ್ಬರ ಎರಡಕ್ಕೂ ಪೈಪೋಟಿ ನಡೆಸುತ್ತವೆ. ಹೀಗಾಗಿ ತೇವವನ್ನು ಬಯಸುವ ಜೋ-ಪೈ (ಎತ್ತರದ ಒಂದು ಬಹುವಾರ್ಷಿಕ ಹೂಗಿಡ), ಸುಗಂಧಿ, ಕ್ಯಾನಾಗಳಂಥ ಗಿಡಗಳನ್ನು ಗೋಡೆಗೆ ತಾಗಿಸಿ ನೆಟ್ಟರೆ ಅವು ಹೇಳಿದ ಎತ್ತರವನ್ನು ಮುಟ್ಟುವುದೇ ಇಲ್ಲ; ಹಾಲಿಹಾಕ್, ವರ್ಬ್ಯಾಸ್ಕಂಗಳಂತಹವು ಅದೇ ಜಾಗದಲ್ಲಿ ಒಣನೆಲವನ್ನು ಸಹಿಸಿಕೊಂಡು ಬಾಳುತ್ತವೆ.

ಗಾಳಿಯ ವಿಷಯದಲ್ಲಿಯೂ ಗೋಡೆಯನ್ನು ನಂಬುವಂತಿಲ್ಲ. ಸಂದಿಲ್ಲದ ಗೋಡೆಗೆ ಬಡಿದ ಗಾಳಿ ಅದರ ಮೇಲಿನಿಂದ ಹಾರಿ, ಹಿಂಬದಿಯಲ್ಲಿ ಸುಳಿಗಳಾಗಿ ಇಳಿಯುತ್ತದೆ. ಅರ್ಧದಷ್ಟು ಸಂದುಗಳಿರುವ ಜಾಲರಿ ಬೇಲಿ ಅಥವಾ ಬೇಲಿಗಿಡವು ಗಾಳಿಯನ್ನು ಸೋಸಿ ವೇಗವನ್ನು ತಗ್ಗಿಸುತ್ತದೆ, ಸುಳಿ ಏಳುವುದಿಲ್ಲ. ಗೋಡೆ ಇದೆಯಲ್ಲ ಎಂಬ ಧೈರ್ಯದಿಂದ ಆಸರೆ ಕೊಡದೆ ಬಿಟ್ಟ, ಎತ್ತರದ ಹೂಗೊನೆಯ ಡೆಲ್ಫಿನಿಯಂ ಗಿಡ, ಬಯಲಿನಲ್ಲಿರುವುದಕ್ಕಿಂತ ಮೊದಲೇ ಮುರಿಯುವುದುಂಟು.

ಬೆಳಕಿನ ದಿಕ್ಕನ್ನು ಸ್ವಲ್ಪ ಯೋಚಿಸಬೇಕು. ಉತ್ತರಾರ್ಧಗೋಳದ ಸಮಶೀತೋಷ್ಣ ಪ್ರದೇಶಗಳಲ್ಲಿ ಸೂರ್ಯ ದಕ್ಷಿಣದ ಕಡೆಯಿಂದ ಬೆಳಗುವುದರಿಂದ, ಎತ್ತರದ ಸಾಲು ಪಾತಿಯ ಉತ್ತರಕ್ಕಿದ್ದರೆ ಅದರ ನೆರಳು ಮುಂದಿನ ಗಿಡಗಳ ಮೇಲೆ ಬೀಳದು. ದಕ್ಷಿಣಾರ್ಧಗೋಳದಲ್ಲಿ ಇದು ತಿರುಗುಮುರುಗು. ಉಷ್ಣವಲಯದಲ್ಲಿ ನಡುಹಗಲ ಸೂರ್ಯ ವರ್ಷದ ಕೆಲಭಾಗ ಉತ್ತರಕ್ಕೂ ಕೆಲಭಾಗ ದಕ್ಷಿಣಕ್ಕೂ ಇರುವುದರಿಂದ ಅಲ್ಲಿ ದಿಕ್ಕಿಗಿಂತ ಸಂಜೆಯ ಬಿಸಿಲು ಎಲ್ಲಿಂದ ಬರುತ್ತದೆ ಎಂಬುದೇ ಮುಖ್ಯ. ಪಾತಿಯ ಮುಖ ಬೆಳಕಿಗೆ ಬೆನ್ನು ಹಾಕಿದ್ದರೆ ಇನ್ನೊಂದು ತೊಂದರೆ: ಹೂಗಳು ಬೆಳಕಿನತ್ತ ತಿರುಗಿ, ನೋಡುವವರಿಗೆ ಅವುಗಳ ಹಿಂಬದಿಯೇ ಕಾಣುತ್ತದೆ. ಬಲಿತ ಸೂರ್ಯಕಾಂತಿಯ ತಲೆಗಳು ಬಹುಮಟ್ಟಿಗೆ ಪೂರ್ವಕ್ಕೇ ಮುಖಮಾಡಿ ನಿಂತುಬಿಡುವುದರಿಂದ, ಪಶ್ಚಿಮದಿಂದ ನೋಡುವ ಪಾತಿಗೆ ಅವುಗಳನ್ನು ಆರಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಈಗ ಕಾಂಡದ ವಿಚಾರಕ್ಕೆ ಬರೋಣ. ಎತ್ತರದ ಗಿಡ ಏಕೆ ಬೀಳುತ್ತದೆ ಎಂಬುದರ ಹಿಂದೆ ಸರಳವಾದ ಭೌತಶಾಸ್ತ್ರವಿದೆ. ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಹೂವಿನ ತಲೆ ಎರಡು ಪಟ್ಟು ಎತ್ತರದಲ್ಲಿದ್ದರೆ ಅದೇ ಬಲ ಬುಡವನ್ನು ಬಾಗಿಸುವ ಪ್ರಭಾವ ಎರಡು ಪಟ್ಟಾಗುತ್ತದೆ. ಇದಕ್ಕೆ ಮಳೆನೀರು ಸೇರಿದರೆ ಮುಗಿಯಿತು. ಒತ್ತೊತ್ತಾದ ಎಸಳುಗಳ ದೊಡ್ಡ ಡೇರೆ ಹೂವು ನೀರು ಹಿಡಿದುಕೊಂಡು ಭಾರವಾಗುತ್ತದೆ, ಅದರ ಕಾಂಡವೋ ಒಳಗೆ ಟೊಳ್ಳು. ಡೆಲ್ಫಿನಿಯಂ ಕಾಂಡವೂ ಟೊಳ್ಳೇ. ಇವೆರಡನ್ನೂ ಆರಿಸಿದ ದಿನವೇ ಆಸರೆ ಕೋಲನ್ನೂ ಆರಿಸಿದ್ದೇವೆಂದು ತಿಳಿಯಬೇಕು. ಇದಕ್ಕೆ ಹೋಲಿಸಿದರೆ ತುಳಸಿಯ ಕುಟುಂಬಕ್ಕೆ ಸೇರಿದ ಎತ್ತರದ ಸಾಲ್ವಿಯಾ ಮತ್ತು ಲಿಯೊನೋಟಿಸ್‌ಗಳ ಕಾಂಡ ಚೌಕಾಕಾರವಾಗಿದ್ದು, ನಾಲ್ಕು ಮೂಲೆಗಳಲ್ಲಿಯೂ ಗಟ್ಟಿಯಾದ ಅಂಗಾಂಶದ ಪಟ್ಟಿಗಳಿರುವುದರಿಂದ ಬಾಗುವುದನ್ನು ಚೆನ್ನಾಗಿ ತಡೆಯುತ್ತದೆ. ವೆರೋನಿಕಾಸ್ಟ್ರಂ ಎಂಬ ಬಹುವಾರ್ಷಿಕ ಗಿಡ ನಾಲ್ಕರಿಂದ ಆರು ಅಡಿ ಏರಿ, ಸೂಜಿಯಂಥ ಹೂಗೊನೆಗಳನ್ನು ಹೊತ್ತು, ಸಾಕಷ್ಟು ಬಿಸಿಲಿದ್ದರೆ ಯಾವ ಕೋಲಿನ ಹಂಗೂ ಇಲ್ಲದೆ ನಿಲ್ಲುತ್ತದೆ. ತಂಪು ಪ್ರದೇಶದಲ್ಲಿ ತೋಟ ಮಾಡುವವರು ಹಿಂದಿನ ಸಾಲಿಗೆ ಒಂದೇ ಗಿಡ ಹೇಳಿ ಎಂದು ಕೇಳಿದರೆ ನಾನು ಇದನ್ನೇ ಹೇಳಿಯೇನು.

ಕಾಂಡದ ಬಲ ಗಿಡದ ಜಾತಿಯಿಂದ ಮಾತ್ರ ನಿರ್ಧಾರವಾಗುವುದಿಲ್ಲ, ನಾವು ಬೆಳೆಸುವ ರೀತಿಯಿಂದಲೂ ಆಗುತ್ತದೆ. ಗಾಳಿಗೆ ಅಲುಗಾಡುತ್ತ ಬೆಳೆದ ಗಿಡದ ಕಾಂಡ ಗಿಡ್ಡವಾಗಿಯೂ ದಪ್ಪವಾಗಿಯೂ ಬೆಳೆಯುತ್ತದೆ. ಮಾರ್ಕ್ ಜಾಫೆ ಎಂಬ ಸಸ್ಯವಿಜ್ಞಾನಿ 1973ರಲ್ಲಿ ಈ ಪ್ರತಿಕ್ರಿಯೆಗೆ ಥಿಗ್ಮೋಮಾರ್ಫೋಜೆನೆಸಿಸ್ ಎಂಬ ಹೆಸರು ಕೊಟ್ಟರು. ಹೆಸರು ನಾಲಿಗೆಗೆ ತೊಡಕಾದರೂ ಅದರಿಂದ ದೊರೆಯುವ ಪಾಠ ಸುಲಭ: ಎಳೆಯ ಗಿಡವನ್ನು ಕೋಲಿಗೆ ಬಿಗಿಯಾಗಿ ಕಟ್ಟಿದರೆ ಅದರ ಕಾಂಡ ಬಲಿಯುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ. ಕೋಲಿನ ಸುತ್ತ ಒಂದು ಕುಣಿಕೆ, ಕಾಂಡದ ಸುತ್ತ ಒಂದು ಕುಣಿಕೆ, ನಡುವೆ ಸ್ವಲ್ಪ ಸಡಿಲ ಎಂಬಂತೆ ಎಂಟರ ಆಕಾರದಲ್ಲಿ ಕಟ್ಟುವುದರ ಉದ್ದೇಶ ಇದೇ. ನೆರಳಿನ ಪರಿಣಾಮ ಇದಕ್ಕೆ ವಿರುದ್ಧವಾದುದು. ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿಗೂ ಆಚೆಯ, ಕಣ್ಣಿಗೆ ಅಷ್ಟಾಗಿ ಕಾಣದ ದೂರಕೆಂಪು ಬೆಳಕನ್ನು ಹಾದುಹೋಗಲು ಬಿಡುವುದರಿಂದ, ಪಕ್ಕದಲ್ಲಿ ಇನ್ನೊಂದು ಗಿಡವಿದೆಯೆಂಬುದನ್ನು ಗಿಡವು ಈ ಎರಡರ ಪ್ರಮಾಣದಿಂದ ಗ್ರಹಿಸಿ, ಅದನ್ನು ಮೀರಲು ಗೆಣ್ಣುಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಂಡು ಸಪೂರವಾಗಿ ಏರುತ್ತದೆ. ಒತ್ತಾಗಿ ನೆಟ್ಟರೆ ಪರಸ್ಪರ ಆಸರೆಯಾಗುತ್ತವೆ ಎಂಬ ನಂಬಿಕೆ ಇರುವುದು ನಿಜ, ಆದರೆ ತೀರಾ ಒತ್ತಾದರೆ ಎಲ್ಲವೂ ಸೇರಿಯೇ ಬೀಳುತ್ತವೆ. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಧಾರಾಳವಾಗಿ ಹಾಕಿದಾಗಲೂ ಗಿಡ ಮೆತ್ತಗೆ, ನೀರುತುಂಬಿಕೊಂಡು ಬೆಳೆಯುತ್ತದೆ. ಕಾಸ್ಮಾಸ್, ಟಿಥೋನಿಯಾಗಳಂಥ ವಾರ್ಷಿಕ ಗಿಡಗಳು ಸಾಧಾರಣ ಮಣ್ಣಿನಲ್ಲಿಯೇ ಹೆಚ್ಚು ಹೂ ಬಿಡುತ್ತವೆ; ಕೊಬ್ಬಿದ ನೆಲದಲ್ಲಿ ಅವು ಎಲೆಯನ್ನೇ ಬೆಳೆಸಿ, ಹೂ ತಡಮಾಡಿ, ಕೊನೆಗೆ ಪಕ್ಕಕ್ಕೆ ಒರಗಿಬಿಡುತ್ತವೆ.

ಇನ್ನು ಕಾಲದ ಪ್ರಶ್ನೆ. ಟಿಥೋನಿಯಾ, ಕಾಸ್ಮಾಸ್, ಕ್ಲಿಯೋಮಿ, ಸೂರ್ಯಕಾಂತಿಗಳು ಬೀಜದಿಂದ ಹೊರಟು ಒಂದೇ ಋತುವಿನಲ್ಲಿ ನಾಲ್ಕರಿಂದ ಆರು ಅಡಿ ಬೆಳೆದು, ಹೂಬಿಟ್ಟು ಮುಗಿಸುತ್ತವೆ. ಹೊಸದಾಗಿ ಪಾತಿ ಮಾಡಿದವರಿಗೆ ಮೊದಲ ವರ್ಷ ಇವೇ ಗತಿ, ಮತ್ತು ಅದರಲ್ಲಿ ಕೀಳರಿಮೆ ಪಡುವಂಥದ್ದೇನಿಲ್ಲ. ಫಾಕ್ಸ್‌ಗ್ಲೋವ್, ಹಲವು ವರ್ಬ್ಯಾಸ್ಕಂಗಳು ದ್ವೈವಾರ್ಷಿಕಗಳು: ಮೊದಲ ವರ್ಷ ನೆಲಕ್ಕೆ ಅಂಟಿದಂತೆ ಎಲೆಗಳ ಚಕ್ರ, ಚಳಿಗಾಲ ಕಳೆದ ಮೇಲೆ ಎರಡನೆಯ ವರ್ಷ ಹೂಗೊನೆ, ಆಮೇಲೆ ಸಾವು. ಹಾಲಿಹಾಕ್ ಹೆಸರಿಗೆ ಅಲ್ಪಾಯುಷಿ ಬಹುವಾರ್ಷಿಕವಾದರೂ ಹೆಚ್ಚಿನವರು ಅದನ್ನೂ ಹೀಗೆಯೇ ಬೆಳೆಸುತ್ತಾರೆ. ಇಂಥ ಗಿಡಗಳನ್ನು ನೆಚ್ಚಿಕೊಂಡರೆ ಪ್ರತಿವರ್ಷವೂ ಹೊಸ ಸಸಿಗಳನ್ನು ಮಾಡಿಕೊಳ್ಳುತ್ತಿರಬೇಕು. ಇಲ್ಲವಾದರೆ ಒಂದು ವರ್ಷ ವೈಭವ, ಮರುವರ್ಷ ಬರಿ ನೆಲ. ಡೆಲ್ಫಿನಿಯಂ, ವೆರೋನಿಕಾಸ್ಟ್ರಂ, ಜೋ-ಪೈ, ಎತ್ತರದ ರುಡ್ಬೆಕಿಯಾಗಳು ಬಹುವಾರ್ಷಿಕಗಳು. ಚಳಿಗಾಲದಲ್ಲಿ ಬುಡಕ್ಕೆ ಇಳಿದು ಪ್ರತಿ ವಸಂತದಲ್ಲಿಯೂ ಸೊನ್ನೆಯಿಂದ ಮೇಲೇಳುತ್ತವೆ. ಅಂದರೆ ಋತುವಿನ ಮೊದಲರ್ಧದಲ್ಲಿ ಹಿಂದಿನ ಸಾಲು ಮಧ್ಯದ ಸಾಲಿಗಿಂತ ಗಿಡ್ಡವಾಗಿಯೇ ಇರುತ್ತದೆ. ವಸಂತದಲ್ಲಿಯೂ ಎತ್ತರ ಬೇಕೆನ್ನುವವರು ಎಲೆ ಉದುರಿಸದ ಪೊದೆಯೊಂದೆರಡನ್ನು ಸಾಲಿನಲ್ಲಿ ಸೇರಿಸಿಕೊಳ್ಳಲೇಬೇಕು.

ಹೂಬಿಡುವ ಕಾಲವನ್ನು ಹಗಲಿನ ಉದ್ದವೂ ನಿಯಂತ್ರಿಸುತ್ತದೆ. ಹಗಲು ಕಿರಿದಾದಾಗ ಮಾತ್ರ ಮೊಗ್ಗು ಕಟ್ಟುವ ಗಿಡಗಳಲ್ಲಿ ಸೇವಂತಿಗೆ ಎಲ್ಲರಿಗೂ ಪರಿಚಿತ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಿಂದ ಬಂದ ಮರಡೇರೆ ಹತ್ತು, ಹದಿನೈದು ಅಡಿಯವರೆಗೆ ಬಿದಿರಿನಂಥ ಕಾಂಡಗಳನ್ನು ಬೆಳೆಸಿ, ಶರತ್ಕಾಲದ ಕೊನೆಯಲ್ಲಿ ಹಗಲು ತೀರ ಕುಗ್ಗಿದ ಮೇಲೆ ತಿಳಿನೇರಳೆ ಹೂಗಳನ್ನು ಬಿಡುತ್ತದೆ. ಹಿಮ ಬೇಗ ಬೀಳುವ ಪ್ರದೇಶದಲ್ಲಿ ಇಷ್ಟೆಲ್ಲ ಬೆಳೆದ ಗಿಡ, ಮೊಗ್ಗು ಅರಳುವ ಮೊದಲೇ ಕರಿಕಾಗಿ ಹೋಗುತ್ತದೆ. ಹಿಮವಿಲ್ಲದ ಕಡೆ ಅದೇ ಗಿಡ ಹಿಂದಿನ ಸಾಲಿನ ರಾಜ. ಇಂಥ ಗಿಡಗಳನ್ನು ರಾತ್ರಿಯಿಡೀ ಉರಿಯುವ ದೀಪದ ಕೆಳಗೆ ನೆಟ್ಟರೆ ಅವುಗಳಿಗೆ ರಾತ್ರಿ ಸಾಕಷ್ಟು ದೀರ್ಘವಾಗಿ ತೋರದೆ ಹೂ ತಡವಾಗಬಹುದು. ಗೋಡೆಯ ಮೇಲಿನ ವಿದ್ಯುದ್ದೀಪಕ್ಕೂ ಹೂವಿಗೂ ಸಂಬಂಧವಿದೆಯೆಂದು ಮೊದಲು ಯಾರಿಗೂ ಹೊಳೆಯುವುದಿಲ್ಲ.

ಬೇಗ ಹೂಬಿಟ್ಟು ಮುಗಿಸುವ ಎತ್ತರದ ಗಿಡ ಬಿಟ್ಟುಹೋಗುವ ಖಾಲಿಜಾಗವೇ ಹಿಂದಿನ ಸಾಲಿನ ನಿಜವಾದ ಸಮಸ್ಯೆ. ಇದಕ್ಕೆ ಜೀಕಲ್ ಕಂಡುಕೊಂಡ ಪರಿಹಾರಗಳು ಇಂದಿಗೂ ಹಳೆಯದಾಗಿಲ್ಲ. ಡೆಲ್ಫಿನಿಯಂಗಳ ಹಿಂದೆ ಅವರು ಬಿಳಿ ಹೂವಿನ ಬಹುವಾರ್ಷಿಕ ಬಟಾಣಿಬಳ್ಳಿಯನ್ನು ನೆಡುತ್ತಿದ್ದರು. ಡೆಲ್ಫಿನಿಯಂ ಬಾಡಿದ ಮೇಲೆ ಬಳ್ಳಿ ಅದರ ಒಣಕಾಂಡಗಳ ಮೇಲೆ ಹರಡಿ ಹೂಬಿಡುತ್ತಿತ್ತು, ಅದೂ ಮುಗಿದ ಮೇಲೆ ಕ್ಲೆಮ್ಯಾಟಿಸ್ ಬಳ್ಳಿಯನ್ನು ಅದೇ ಜಾಗಕ್ಕೆ ಎಳೆದು ಹರಡುತ್ತಿದ್ದರು. ಒಂದೇ ಚೌಕ ನೆಲದಲ್ಲಿ ಮೂರು ಸರದಿಯ ಹೂ.

ಅವರ ಇನ್ನೊಂದು ಉಪಾಯ ಇದಕ್ಕಿಂತ ಸ್ವಾರಸ್ಯಕರವಾದುದು. ಸೂರ್ಯಕಾಂತಿ ಕುಲದ ಎತ್ತರದ ಬಹುವಾರ್ಷಿಕ ಗಿಡವೊಂದನ್ನು ನೆಟ್ಟಗೆ ಬಿಡದೆ, ಅದರ ಕಾಂಡಗಳನ್ನು ಮುಂದಕ್ಕೆ ಬಗ್ಗಿಸಿ, ಹೂ ಮುಗಿದ ಗಿಡಗಳ ಮೇಲೆ ಹಾಯಿಸಿ ಕಟ್ಟುತ್ತಿದ್ದರು. ನೇರವಾಗಿದ್ದಾಗ ತುದಿಯಲ್ಲಷ್ಟೇ ಹೂವಾಗುತ್ತಿದ್ದ ಗಿಡ, ಬಾಗಿಸಿದ ಮೇಲೆ ಕಾಂಡದುದ್ದಕ್ಕೂ ಎಲೆಕಂಕುಳುಗಳಿಂದ ಹೂಕವಲುಗಳನ್ನು ಮೇಲಕ್ಕೆ ಕಳುಹಿಸುತ್ತಿತ್ತು. ಇದರ ಕಾರಣ ತುದಿಮೊಗ್ಗಿನ ಹತೋಟಿಯಲ್ಲಿದೆ. ನೆಟ್ಟಗಿರುವ ಕಾಂಡದ ತುದಿಯಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಮುಖವಾಗಿ ಹರಿದು ಪಕ್ಕದ ಮೊಗ್ಗುಗಳನ್ನು ತಡೆಹಿಡಿದಿರುತ್ತದೆ. ಕಾಂಡ ನೆಲಕ್ಕೆ ಸಮಾನಾಂತರವಾದಾಗ ಈ ಹಿಡಿತ ಸಡಿಲಗೊಂಡು ಮೇಲ್ಬದಿಯ ಮೊಗ್ಗುಗಳು ಬೆಳೆಯಲಾರಂಭಿಸುತ್ತವೆ. ಗುಲಾಬಿ ಬಳ್ಳಿಯ ಕೊಂಬೆಗಳನ್ನು ಅಡ್ಡಡ್ಡಲಾಗಿ ಕಟ್ಟಿದರೆ ಹೂ ಹೆಚ್ಚುವುದೂ ಇದರಿಂದಲೇ. ಸುಲಭವಾಗಿ ಬಾಗುವ, ಮುರಿಯದ ಕಾಂಡದ ಗಿಡಗಳಿಗೆ ಮಾತ್ರ ಇದು ಹೊಂದುತ್ತದೆ. ಡೇರೆಯನ್ನೋ ಡೆಲ್ಫಿನಿಯಂ ಅನ್ನೋ ಹೀಗೆ ಬಗ್ಗಿಸಲು ಹೋದರೆ ಲಟಕ್ಕೆಂದು ಮುರಿಯುತ್ತದೆ.

ಬರಿಗಾಲು ತೋರುವುದು ಎತ್ತರದ ಗಿಡಗಳ ಇನ್ನೊಂದು ದೌರ್ಬಲ್ಯ. ಮೇಲಕ್ಕೆ ಏರಿದಂತೆ ಕೆಳಗಿನ ಎಲೆಗಳು ನೆರಳಿಗೋ ರೋಗಕ್ಕೋ ಸಿಕ್ಕಿ ಉದುರುತ್ತವೆ. ಪುಕ್ಸೀನಿಯಾ ಮಾಲ್ವೇಸಿಯೇರಂ ಎಂಬ ಶಿಲೀಂಧ್ರದಿಂದ ಬರುವ ಹಾಲಿಹಾಕ್‌ನ ತುಕ್ಕುರೋಗ ಬುಡದ ಎಲೆಗಳಲ್ಲಿ ಕಾಣಿಸಿಕೊಂಡು ಮೇಲಕ್ಕೆ ಹಬ್ಬುತ್ತದೆ; ಗಾಳಿಯಾಡದ ಒತ್ತು ಸಾಲಿನಲ್ಲಿ ಎತ್ತರದ ಫ್ಲಾಕ್ಸ್, ಆಸ್ಟರ್‌ಗಳಿಗೆ ಬೂದಿರೋಗ. ರೋಗ ಬಂದ ಎಲೆಗಳನ್ನು ಕಿತ್ತು ದೂರ ಹಾಕುವುದು, ಗಿಡದ ಎತ್ತರದ ಮೂರನೇ ಒಂದರಿಂದ ಅರ್ಧದಷ್ಟು ಅಂತರ ಬಿಟ್ಟು ನೆಡುವುದು ಸಾಮಾನ್ಯ ಎಚ್ಚರಿಕೆಗಳು. ಆದರೆ ಸಾಲಿನ ಸ್ಥಾನದಲ್ಲಿಯೇ ಇದಕ್ಕೆ ಅರ್ಧ ಪರಿಹಾರವಿದೆ: ಹಿಂದೆ ನಿಂತ ಗಿಡದ ಬುಡ ಯಾರ ಕಣ್ಣಿಗೂ ಬೀಳಬೇಕಾಗಿಲ್ಲ. ಎರಡು ಮೂರು ಅಡಿ ಎತ್ತರಕ್ಕೆ ದಟ್ಟವಾಗಿ ಬೆಳೆಯುವ ಗಿಡಗಳನ್ನು ಮಧ್ಯದ ಸಾಲಿಗೆ ಆರಿಸಿದರೆ ಈ ಬರಿಗಾಲು ಅವುಗಳ ಮರೆಗೆ ಸೇರುತ್ತದೆ. ಆದಕಾರಣ ಹಿಂದಿನ ಸಾಲನ್ನು ಆರಿಸುವುದೆಂದರೆ ಮಧ್ಯದ ಸಾಲನ್ನೂ ಜೊತೆಯಲ್ಲಿಯೇ ಆರಿಸುವುದು ಎಂದಾಗುತ್ತದೆ.

ರೂಪ ಮತ್ತು ಬಣ್ಣಗಳ ಬಗ್ಗೆ ಬಹಳ ಹೇಳಬೇಕಾಗಿಲ್ಲ, ಏಕೆಂದರೆ ಅದು ಅವರವರ ಕಣ್ಣಿಗೆ ಬಿಟ್ಟ ವಿಷಯ. ಆದರೂ ದೂರದಿಂದ ನೋಡುವ ಹೂವಿಗೆ ಕೆಲವು ನಿಯಮಗಳಿವೆ. ಹಿಂದಿನ ಸಾಲಿನಲ್ಲಿ ಬಿಡಿಹೂವಿನ ಚೆಲುವಿಗಿಂತ ಗೊಂಚಲಿನ ಆಕಾರ ಎದ್ದು ಕಾಣುತ್ತದೆ: ಡೆಲ್ಫಿನಿಯಂ, ಹಾಲಿಹಾಕ್‌ಗಳ ಗೋಪುರ, ಜೋ-ಪೈ ಗಿಡದ ಗುಮ್ಮಟದಂಥ ಗುಂಪು, ಡೇರೆ ಮತ್ತು ಸೂರ್ಯಕಾಂತಿಗಳ ದುಂಡುಮುಖ. ಇವನ್ನು ಬೆರೆಸಿದರೆ ಸಾಲಿಗೆ ಏರಿಳಿತ ಬರುತ್ತದೆ. ಗೋಪುರಗಳನ್ನೇ ಸಾಲಾಗಿ ನಿಲ್ಲಿಸಿದರೆ ಬೇಲಿಯ ಗೂಟಗಳಂತೆ ಕಾಣುವ ಅಪಾಯವಿದೆ. ಕಡುಗೆಂಪು ಮತ್ತು ಗಾಢ ನೇರಳೆ ಹೂಗಳು ಕಪ್ಪುಹಸಿರಿನ ಬೇಲಿಗಿಡದ ಮುಂದೆ ಹತ್ತು ಹೆಜ್ಜೆ ದೂರಕ್ಕೇ ಕರಗಿಹೋಗುತ್ತವೆ, ಬಿಳಿಯ ಅಥವಾ ತಿಳಿಹಳದಿಯ ಹೂಗಳು ಅಲ್ಲಿ ಬೆಳಗುತ್ತವೆ. ಸುಣ್ಣ ಬಳಿದ ಗೋಡೆಯ ಮುಂದೆ ಇದಕ್ಕೆ ತದ್ವಿರುದ್ಧ. ಸಂಜೆಯ ಮಬ್ಬಿನಲ್ಲಿ ಕಣ್ಣಿನ ಸಂವೇದನೆ ನೀಲಿಯ ಕಡೆಗೆ ಸರಿಯುವುದರಿಂದ ಕೆಂಪು ಹೂಗಳು ಮೊದಲು ಕಪ್ಪಾಗಿ, ನೀಲಿ ಮತ್ತು ಬಿಳಿ ಹೂಗಳು ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತವೆ; ಪುರ್ಕಿನ್ಯೆ ಪರಿಣಾಮವೆಂದು ಕರೆಯುವುದು ಇದನ್ನೇ. ಹಗಲೆಲ್ಲ ಹೊರಗಿದ್ದು ಸಂಜೆಯಷ್ಟೇ ತೋಟದಲ್ಲಿ ಕುಳಿತುಕೊಳ್ಳುವವರು ಹಿಂದಿನ ಸಾಲಿಗೆ ಬಿಳಿ ಸುಗಂಧಿಯನ್ನೋ ಬಿಳಿ ಕ್ಲಿಯೋಮಿಯನ್ನೋ ಆರಿಸಲು ಇಷ್ಟು ಕಾರಣ ಸಾಕು. ಸುಗಂಧಿಯ ಕಂಪೂ ಸಂಜೆಗೇ ಹೆಚ್ಚು.

ಎತ್ತರದವು ಹಿಂದೆ ಎಂಬ ಸೂತ್ರವನ್ನು ಧೈರ್ಯವಾಗಿ ಮುರಿಯಬಹುದಾದ ಗಿಡಗಳೂ ಇವೆ. ವರ್ಬೀನಾ ಬೊನಾರಿಯೆನ್ಸಿಸ್ ನಾಲ್ಕರಿಂದ ಆರು ಅಡಿ ಏರಿದರೂ ಅದರ ಕಾಂಡಗಳು ಎಷ್ಟು ಸಪೂರ, ಎಲೆಗಳು ಎಷ್ಟು ವಿರಳವೆಂದರೆ ಅದರ ಮೂಲಕ ಹಿಂದಿನದೆಲ್ಲ ಕಾಣುತ್ತದೆ. ಅದನ್ನು ಹಿಂದೆ ನೆಟ್ಟರೆ ವ್ಯರ್ಥ. ಮುಂದೆಯೇ ನೆಟ್ಟರೆ ನೇರಳೆ ಹೂಗಳ ತೆಳುವಾದ ಜಾಲರಿಯ ಮೂಲಕ ಪಾತಿಯನ್ನು ನೋಡಿದಂತಾಗುತ್ತದೆ. ಕೆಲವು ಥ್ಯಾಲಿಕ್ಟ್ರಂಗಳನ್ನೂ ಹಳದಿ ಹೂವಿನ ಸೆಫಲೇರಿಯಾವನ್ನೂ ಹೀಗೆ ಬಳಸಬಹುದು. ಇಲ್ಲಿ ಮತ್ತೆ ನಿಲುವಿನ ಮಾತೇ ಬಂತು: ಎತ್ತರ ಒಂದೇ ಆಗಿದ್ದರೂ ಕ್ಯಾನಾ ಪರದೆ, ವರ್ಬೀನಾ ಕಿಟಕಿ.

ಹಿಮವಿಲ್ಲದ ಬೆಚ್ಚನೆಯ ಪ್ರದೇಶಗಳಲ್ಲಿ ಆಯ್ಕೆಯ ಒಲವೇ ಬೇರೆ. ಚಳಿಯನ್ನು ಬಯಸುವ ಡೆಲ್ಫಿನಿಯಂ, ಫಾಕ್ಸ್‌ಗ್ಲೋವ್‌ಗಳನ್ನು ಅಲ್ಲಿ ತಂಪು ಋತುವಿನ ಒಂದು ಬೆಳೆಯಾಗಿ ಬೆಳೆಸಬಹುದೇ ಹೊರತು ಕಾಯಂ ನಿವಾಸಿಗಳಾಗಿ ಅಲ್ಲ. ಅಲ್ಲಿ ಹಿಂದಿನ ಸಾಲಿನ ಭಾರವನ್ನು ಕ್ಯಾನಾ, ಹೆಲಿಕೋನಿಯಾ, ಸುಗಂಧಿಗಳಂಥ ಗೆಡ್ಡೆಯ ಗಿಡಗಳೂ ದಾಸವಾಳ, ನಂದಿಬಟ್ಟಲು, ರತ್ನಗಂಧಿಗಳಂಥ ಪೊದೆಗಳೂ ಹೊರುತ್ತವೆ. ಪೊದೆಗಳ ಅನುಕೂಲವೆಂದರೆ ಅವು ವರ್ಷಪೂರ್ತಿ ನಿಂತಿರುತ್ತವೆ. ಅನಾನುಕೂಲವೆಂದರೆ ನಿಲ್ಲಿಸಿದಲ್ಲಿ ನಿಲ್ಲುವುದಿಲ್ಲ, ಅಗಲಕ್ಕೂ ಬೆಳೆಯುತ್ತವೆ. ದಾಸವಾಳ, ರತ್ನಗಂಧಿಗಳು ಹೊಸ ಚಿಗುರಿನಲ್ಲಿಯೇ ಹೂಬಿಡುವುದರಿಂದ ಅವನ್ನು ವರ್ಷಕ್ಕೊಮ್ಮೆ ತಗ್ಗಿಸಿ ಸವರಿದರೆ ಎತ್ತರವೂ ಹತೋಟಿಗೆ ಬರುತ್ತದೆ, ಹೂವೂ ಹೆಚ್ಚುತ್ತದೆ. ಹಳೆಯ ಕೊಂಬೆಯಲ್ಲಿ ಹೂಬಿಡುವ ಪೊದೆಗಳಿಗೆ ಹೀಗೆ ಮಾಡಿದರೆ ಆ ವರ್ಷದ ಹೂವನ್ನು ಕತ್ತರಿಸಿ ಎಸೆದಂತೆ. ಸವರಿದರೆ ಸಹಿಸುತ್ತದೆಯೇ ಎಂದು ಕೇಳದೆ ಹಿಂದಿನ ಸಾಲಿಗೆ ಯಾವ ಪೊದೆಯನ್ನೂ ತರಬಾರದು.

ಆಸರೆ ಕೊಡುವ ಕೆಲಸಕ್ಕೆ ಸಮಯವೇ ಮುಖ್ಯ. ಗಿಡ ಬಿದ್ದ ಮೇಲೆ ಎತ್ತಿ ಕಟ್ಟಿದರೆ ಅದು ಸೊಟ್ಟಗೆ ತಿರುಗಿದ ತುದಿಗಳೊಂದಿಗೆ ಹಾಗೆಯೇ ಉಳಿಯುತ್ತದೆ. ಗಿಡ ತನ್ನ ಎತ್ತರದ ಮೂರನೇ ಒಂದನ್ನು ಮುಟ್ಟುವ ಮೊದಲೇ ಕೋಲು ಅಥವಾ ಕವಲೊಡೆದ ಒಣರೆಂಬೆಗಳನ್ನು ನೆಟ್ಟುಬಿಟ್ಟರೆ ಗಿಡ ಅವುಗಳ ನಡುವೆಯೇ ಏರಿ ಅವನ್ನು ಮರೆಮಾಡುತ್ತದೆ. ಕೋಲಿನ ತುದಿ ಗಿಡದ ಪೂರ್ಣ ಎತ್ತರದ ಮೂರನೇ ಎರಡರಷ್ಟಿದ್ದರೆ ಸಾಕು. ಕೋಲು ಬೇಡವೆನ್ನುವವರಿಗೆ ಕತ್ತರಿ ಇದೆ. ಹೆಲೀನಿಯಂ, ಫ್ಲಾಕ್ಸ್, ಆಸ್ಟರ್, ಜೋ-ಪೈಗಳಂಥ ಕವಲೊಡೆಯುವ, ತಡವಾಗಿ ಹೂಬಿಡುವ ಬಹುವಾರ್ಷಿಕಗಳನ್ನು ಬೇಸಿಗೆಯ ಆರಂಭಕ್ಕೆ ಮೂರನೇ ಒಂದರಷ್ಟು ಕತ್ತರಿಸಿದರೆ ಅವು ಗಿಡ್ಡವಾಗಿ, ಹೆಚ್ಚು ಕವಲುಗಳೊಂದಿಗೆ ಬೆಳೆದು ಕೆಲವು ವಾರ ತಡವಾಗಿ ಹೂಬಿಡುತ್ತವೆ. ಒಂದೇ ಗೋಪುರವಾಗಿ ಏರುವ ಡೆಲ್ಫಿನಿಯಂ, ಹಾಲಿಹಾಕ್, ಫಾಕ್ಸ್‌ಗ್ಲೋವ್‌ಗಳಿಗೆ ಈ ಕತ್ತರಿ ಹಾಕಬಾರದು. ಅಲ್ಲಿ ಹೋಗುವುದು ಹೂಗೊನೆಯೇ.

ಎರಡು ಎಚ್ಚರಿಕೆಗಳು. ಹಿಂದಿನ ಸಾಲಿನ ಪ್ರಸಿದ್ಧ ಗಿಡಗಳಲ್ಲಿ ಹಲವು ವಿಷಕಾರಿ: ಫಾಕ್ಸ್‌ಗ್ಲೋವ್, ಡೆಲ್ಫಿನಿಯಂ, ಅಕೋನೈಟ್ ಮತ್ತು ಕಣಗಿಲೆಯ ಎಲ್ಲ ಭಾಗಗಳೂ ಹೊಟ್ಟೆಗೆ ಹೋದರೆ ಅಪಾಯ. ಹೃದಯದ ಚಿಕಿತ್ಸೆಗೆ ಬಳಸುವ ಔಷಧ ಫಾಕ್ಸ್‌ಗ್ಲೋವ್ ಕುಲದಿಂದಲೇ ಬಂದಿದೆ ಎಂಬುದು ಅದರ ವಿಷದ ಬಲಕ್ಕೂ ಸಾಕ್ಷಿ. ಚಿಕ್ಕ ಮಕ್ಕಳೋ ಮೇಯುವ ದನಕರುಗಳೋ ಬರುವ ಕಡೆ, ಗಿಡ ಸಾಲಿನ ಹಿಂದಿದೆ ಎಂಬುದನ್ನೇ ರಕ್ಷಣೆಯೆಂದು ಭಾವಿಸಬಾರದು. ಎರಡನೆಯದು ಹರಡುವಿಕೆ. ಮ್ಯಾಕ್ಲೇಯಾ ನೆಲದೊಳಗಿನ ಕಾಂಡಗಳಿಂದ ಪಕ್ಕದವರ ಜಾಗಕ್ಕೆಲ್ಲ ನುಗ್ಗುತ್ತದೆ. ವರ್ಬೀನಾ ಬೊನಾರಿಯೆನ್ಸಿಸ್ ಬೀಜ ಚೆಲ್ಲಿಕೊಂಡು ತಾನೇ ಹುಟ್ಟುತ್ತದೆ. ಹಳದಿ ಹೂವಿನ ಸುಗಂಧಿಯ ಒಂದು ಜಾತಿ ಹವಾಯಿ ಮತ್ತು ನ್ಯೂಜಿಲೆಂಡಿನ ಕಾಡುಗಳಲ್ಲಿ ಉಪದ್ರವಕಾರಿ ಕಳೆಯಾಗಿದೆ. ಎತ್ತರದ ಗಿಡ ಹರಡಲಾರಂಭಿಸಿದರೆ ಅದು ಬೀರುವ ನೆರಳೂ ಜೊತೆಗೆ ಹರಡುತ್ತದೆ ಎಂಬುದನ್ನು ನೆನಪಿಡಬೇಕು.

ನೆಡುವ ಮೊದಲು ಮಾಡಬಹುದಾದ ಅತ್ಯಂತ ಅಗ್ಗದ ಪರೀಕ್ಷೆಯೊಂದಿದೆ. ಯೋಚಿಸಿರುವ ಗಿಡಗಳ ಎತ್ತರಕ್ಕೆ ಸರಿಯಾಗಿ ಬಿದಿರುಗಳುಗಳನ್ನು ಕತ್ತರಿಸಿ, ಅವು ಬರಬೇಕಾದ ಜಾಗದಲ್ಲಿ ಊರಿ, ಎಲೆಯ ಎತ್ತರಕ್ಕೆ ಒಂದು ಬಣ್ಣದ ದಾರವನ್ನೂ ಹೂವಿನ ಎತ್ತರಕ್ಕೆ ಇನ್ನೊಂದು ಬಣ್ಣದ ದಾರವನ್ನೂ ಕಟ್ಟಬೇಕು. ಬಳಿಕ ಪಾತಿಯನ್ನು ದಿನವೂ ಎಲ್ಲಿಂದ ನೋಡುತ್ತೇವೆಯೋ ಅಲ್ಲಿಗೆ, ಅದು ಕಿಟಕಿಯಾಗಲಿ ಕುರ್ಚಿಯಾಗಲಿ, ಹೋಗಿ ನೋಡಬೇಕು. ಕುಳಿತು ನೋಡುವವರಿಗೆ ಮಧ್ಯದ ಸಾಲು ನಾಲ್ಕು ಅಡಿ ಇದ್ದರೆ ಹಿಂದಿನ ಸಾಲಿನ ಐದು ಅಡಿಯ ಗಿಡದ ತುದಿ ಮಾತ್ರ ಕಂಡೀತು. ಮೇಲಿನ ಮಹಡಿಯಿಂದ ನೋಡುವವರಿಗೆ ಎತ್ತರದ ಲೆಕ್ಕವೇ ಬಹುಮಟ್ಟಿಗೆ ಅಳಿದುಹೋಗುತ್ತದೆ. ಸಂಖ್ಯೆಯ ವಿಷಯದಲ್ಲಿ, ಒಂದೊಂದು ಬಗೆಯಿಂದ ಮೂರು ಗಿಡಗಳ ಗುಂಪು ಮಾಡಿ, ಅದೇ ಗುಂಪನ್ನು ಸಾಲಿನಲ್ಲಿ ಇನ್ನೊಂದೆಡೆ ಮತ್ತೆ ತಂದರೆ ಹಿನ್ನೆಲೆಗೆ ಒಂದು ಒಕ್ಕಟ್ಟು ಬರುತ್ತದೆ. ಹತ್ತು ಬಗೆಯ ಒಂಟಿ ಗಿಡಗಳು ಗೊಂದಲವನ್ನಷ್ಟೇ ಹೆಚ್ಚಿಸುತ್ತವೆ. ಒಂದೆರಡು ಕಡೆ ಎತ್ತರದ ಗುಂಪನ್ನು ಮಧ್ಯದ ಸಾಲಿನವರೆಗೂ ಮುಂದಕ್ಕೆ ಎಳೆದರೆ ಮೆಟ್ಟಿಲಿನಂಥ ಕ್ರಮ ಮುರಿದು, ಅದರಾಚೆಗೆ ಏನಿದೆಯೆಂದು ನೋಡಲು ಮುಂದೆ ನಡೆಯಬೇಕೆನಿಸುವ ಮರೆಯೊಂದು ಸಿಗುತ್ತದೆ. ಬಹುವಾರ್ಷಿಕಗಳನ್ನು ಹಾಗೆ ಮುಂದಕ್ಕೋ ಹಿಂದಕ್ಕೋ ಸರಿಸಬೇಕಾಗಿ ಬಂದರೆ ಮೇಲಿನ ಬೆಳವಣಿಗೆ ಒಣಗಿ ಗಿಡ ವಿಶ್ರಾಂತಿಯಲ್ಲಿರುವಾಗ, ಬುಡವನ್ನು ಮಣ್ಣುಸಮೇತ ಅಗೆದು ಸ್ಥಳಾಂತರಿಸಬಹುದು. ಯಾವುದನ್ನು ಎತ್ತ ಸರಿಸಬೇಕೆಂಬುದನ್ನು ಮಾತ್ರ ಹೂವಿನ ಕಾಲದಲ್ಲಿಯೇ ಗುರುತುಕಡ್ಡಿ ನೆಟ್ಟು ಬರೆದಿಟ್ಟುಕೊಂಡಿರಬೇಕು, ಏಕೆಂದರೆ ವಿಶ್ರಾಂತಿಯ ಕಾಲದಲ್ಲಿ ಎಲ್ಲ ಬುಡಗಳೂ ಒಂದೇ ಬಗೆಯಾಗಿ ಕಾಣುತ್ತವೆ.